ಕೆಂಪು ಇಂಟಿನ ಪಕ್ಕ ಯಾರ ನಂಬರು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ನಿಮ್ಮ ಕಾಲದಲ್ಲಿ ಪೈಪಿನ ಬಿರುಕು ಹೇಗೆ ಹಿಡಿಯುತ್ತಿದ್ದಿರಿ ಎಂದು ಕೇಳುತ್ತಾರೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ನನಗೆ ಹೇಳಲು ಬೇಸರ. ಬಡ್ತಿ ಇವತ್ತಲ್ಲ ನಾಳೆ ಎಲ್ಲರಿಗೂ ಸಿಗುತ್ತದೆ. ಮಾಡಿದ ತಪ್ಪುಗಳನ್ನು ಮಾತ್ರ ಯಾರೂ ಬರೆದಿಡುವುದಿಲ್ಲ, ಆಮೇಲೆ ಬಂದವರು ಅವನ್ನೇ ಮತ್ತೆ ಮೊದಲಿನಿಂದ ಮಾಡುತ್ತಾರೆ. ಆದ್ದರಿಂದ ನನ್ನವನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಹೇಳಲು ಸರಳ. ಕಬ್ಬಿಣದ ಪೈಪಿನ ಮೇಲೆ ಅಯಸ್ಕಾಂತ ಇಟ್ಟರೆ ಅದರ ಸೆಳೆತ ಲೋಹದೊಳಗೆ ಕಾಲುವೆಯ ನೀರಿನ ಹಾಗೆ ಹರಿಯುತ್ತದೆ. ಒಡ್ಡು ಒಡೆದಲ್ಲಿ ನೀರು ಹೊರಗೆ ಬಂದಂತೆ, ಬಿರುಕು ಇದ್ದಲ್ಲಿ ಸೆಳೆತ ಹೊರಗೆ ಸೋರುತ್ತದೆ. ಮೇಲೆ ನುಣ್ಣನೆಯ ಕಬ್ಬಿಣದ ಕರಿಪುಡಿ ಉದುರಿಸಿದರೆ ಅದು ಆ ಜಾಗಕ್ಕೆ ಓಡಿಬಂದು ಗೆರೆ ಕಟ್ಟುತ್ತದೆ. ಕಣ್ಣಿಗೆ ಕಾಣದ ಬಿರುಕು ಹೀಗೆ ಎದ್ದು ಕಾಣುತ್ತದೆ. ಅದರ ಉದ್ದವನ್ನು ಪಟ್ಟಿ ಇಟ್ಟು ಅಳೆಯಬಹುದು. ಆಳವನ್ನು ಪುಡಿ ಹೇಳುವುದಿಲ್ಲ. ಗ್ರೈಂಡರ್‌ನಿಂದ ತುಸು ಉಜ್ಜಿ, ಮತ್ತೆ ಪುಡಿ ಹಾಕಿ ನೋಡಿ, ಗೆರೆ ಮಾಯವಾಗುವ ತನಕ ಉಜ್ಜುತ್ತ ಹೋಗಿ, ಕೊನೆಗೆ ಆದ ತಗ್ಗನ್ನು ಅಳೆಯಬೇಕು. ಒಂದು ಬಿರುಕಿನ ಆಳ ತಿಳಿಯಲು ಕೆಲವೊಮ್ಮೆ ಅರ್ಧ ದಿನ ಹೋಗುತ್ತಿತ್ತು.

ನಾವು ಹೆಚ್ಚಾಗಿ ನೋಡುತ್ತಿದ್ದುದು ಪೈಪುಗಳ ಬೆಸುಗೆಯನ್ನು. ಸೈಟಿನಲ್ಲಿ ಪ್ರತಿ ವೆಲ್ಡರನಿಗೂ ಒಂದು ನಂಬರು ಇರುತ್ತಿತ್ತು. ಜೋಡಣೆ ಮುಗಿದ ಮೇಲೆ ಆತ ಪಕ್ಕದಲ್ಲೇ ಪಂಚಿನಿಂದ ತನ್ನ ನಂಬರು ಹೊಡೆಯುತ್ತಿದ್ದ. ನಾನು ಪರೀಕ್ಷಿಸಿ, ಸರಿ ಇದ್ದರೆ ಹಸಿರು ಬಣ್ಣದ ಟಿಕ್ಕು ಹಾಕುತ್ತಿದ್ದೆ. ತಪ್ಪಿದ್ದರೆ ಕೆಂಪು ಇಂಟು ಮಾರ್ಕು, ಅದರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಅವನ ನಂಬರು. ಒಂದೇ ವಾರದಲ್ಲಿ ಮೂರು ಕೆಂಪು ಬಿದ್ದರೆ ಅವನ ಪಾಸು, ಅಂದರೆ ವೆಲ್ಡಿಂಗ್ ಪರವಾನಗಿ, ವಾಪಸ್ಸು. ಪಾಸು ಹೋದವನ ಕೈಗೆ ಆಲಮಟ್ಟಿಯ ತನಕ ಯಾವ ಸೈಟಿನವರೂ ವೆಲ್ಡಿಂಗ್ ಹೋಲ್ಡರ್ ಕೊಡುತ್ತಿರಲಿಲ್ಲ. ಅಂಥ ಕೆಂಪು ಡಬ್ಬಿ ಹಿಡಿದುಕೊಂಡು ನಾನು ಬಹಳ ವರ್ಷ ತಿರುಗಿದ್ದೇನೆ. ಹಾಕಿದ ಇಂಟುಗಳಲ್ಲಿ ಮೂರು ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಸಿದ್ದಪ್ಪ ಎಂಬ ವೆಲ್ಡರನ ಅನ್ನ ಕಿತ್ತುಕೊಳ್ಳಲು ಹೊರಟಿದ್ದ ಮೂರು ಅವು. ಅಲ್ಲಿಗೆ ಬರುವ ಮುಂಚೆ ನನ್ನ ಬುದ್ಧಿ ಎಷ್ಟರಮಟ್ಟಿನದು ಎಂಬುದು ನಿಮಗೆ ತಿಳಿಯಲಿ ಎಂದು ಸಣ್ಣ ಸಂಗತಿ ಒಂದೆರಡು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಇಂಡಿ ಕಡೆಯ ಒಂದು ಕಾರ್ಖಾನೆಯಲ್ಲಿ ಉಗಿ ಹೋಗುವ ಪೈಪು ನೋಡಲು ನನ್ನೊಬ್ಬನನ್ನೇ ಕಳಿಸಿದ್ದರು. ಬೆಸುಗೆಯ ಅಂಚಿನಲ್ಲಿ ಗೇಣುದ್ದದ ಕರಿ ಗೆರೆ ಕಂಡಿತು. ನನಗೆ ಮೈಯೆಲ್ಲ ಹುರುಪು. ಕೆಲಸ ನಿಲ್ಲಿಸಿ ಎಂದು ಗದ್ದಲ ಎಬ್ಬಿಸಿದೆ. ಎಲ್ಲರೂ ಕೈಕಟ್ಟಿ ನಿಂತರು. ಮಧ್ಯಾಹ್ನದ ಬಸ್ಸಿಗೆ ವಿಜಾಪುರದಿಂದ ನನ್ನ ಮೇಲಧಿಕಾರಿ ಇನಾಮದಾರ ಸಾಹೇಬರು ಬಂದರು. ಕಡ್ಡಿಯಂಥ ಮನುಷ್ಯ, ಬಾಯಲ್ಲಿ ಸದಾ ಅಡಿಕೆ. ಜೇಬಿನಿಂದ ಅರ ತೆಗೆದು ಆ ಅಂಚಿನ ಮೇಲೆ ಎರಡು ಸಲ ಎಳೆದು, ಮತ್ತೆ ಪುಡಿ ಹಾಕಿಸಿದರು. ಗೆರೆ ಇಲ್ಲ. ಬೆಸುಗೆಯ ಏರು ಮುಗಿಯುವ ಸಂದಿಯಲ್ಲಿ ಪುಡಿ ಸುಮ್ಮನೆ ನಿಂತಿತ್ತು, ಅಷ್ಟೇ. ಅವರು ಬೈಯಲಿಲ್ಲ.

"ಗುರುಪಾದ, ಪುಡಿ ಕುಂತಲ್ಲೆಲ್ಲಾ ಬಿರುಕು ಇರೂದಿಲ್ಲಪಾ. ಕೆಲವು ಕಡೆ ಅದು ದಣಿವಾಗಿ ಕುಂತಿರ್ತೈತಿ," ಎಂದರು. ಇಂಡಿ ಬಿಡುವ ತನಕ ಅಲ್ಲಿಯ ಫಿಟ್ಟರುಗಳು ನನ್ನನ್ನು ಕಂಡಾಗಲೆಲ್ಲ ದಣಿವಾಯ್ತೇನ್ರಿ ಎಂದು ಕೇಳುತ್ತಿದ್ದರು.

ದೇವರ ಹಿಪ್ಪರಗಿಯಲ್ಲಿ ಇದರ ಉಲ್ಟಾ ಆಯಿತು. ನೀರಿನ ಟಾಕಿಗೆ ಏರುವ ಪೈಪಿನ ಜೋಡಣೆಯನ್ನು ಎರಡು ಕಾಲಿನ ಕೈ ಅಯಸ್ಕಾಂತದಿಂದ ನೋಡಿ ಹಸಿರು ಟಿಕ್ಕು ಹಾಕಿದ್ದೆ. ಆ ಯಂತ್ರಕ್ಕೆ ಕೂಲಿಯವರು ಸಾಹೇಬರ ಇಸ್ತ್ರಿ ಎನ್ನುತ್ತಿದ್ದರು. ಇನಾಮದಾರರು ಬಂದು, ನಾನು ಇಟ್ಟ ಜಾಗದಲ್ಲೇ ಇಸ್ತ್ರಿಯನ್ನು ಅಡ್ಡ ತಿರುಗಿಸಿ ಇಟ್ಟರು. ಪುಡಿ ಹಾಕಿದ್ದೇ ತಡ, ಬೆರಳುದ್ದದ ಗೆರೆ ಎದ್ದಿತು. ಸೆಳೆತ ಹರಿಯುವ ದಿಕ್ಕಿನಲ್ಲೇ ಬಿರುಕು ಮಲಗಿದ್ದರೆ ಅದು ಸಿಗುವುದಿಲ್ಲ. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನೋಡಲೇಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಂತೆಯ ದಿನ, ಬಸ್ಸು ತುಂಬಿಬಿಡುತ್ತದೆಂದು ಅವಸರ ಮಾಡಿದ್ದೆ. ಆಕಳನ್ನು ಒಂದೇ ಬಾಜೂಕ ನಿಂತು ನೋಡಿ ಕೊಳ್ಳುತ್ತೀಯೇನು ಎಂದು ಸಾಹೇಬರು ಕೇಳಿದರು.

ಸಿಂದಗಿಯ ಗಾಳಿಯಲ್ಲಿ ಪುಡಿಯೆಲ್ಲ ಹಾರಿ ಪಕ್ಕದ ಚಹಾದಂಗಡಿಯ ಭಜಿ ಕಡಾಯಿಗೆ ಬಿದ್ದದ್ದು, ಅಂಗಡಿಯಾಕೆ ಭಜಿ ಎತ್ತುವ ಝಾರಿ ಹಿಡಿದು ನನ್ನ ಬೆನ್ನು ಹತ್ತಿದ್ದು ಬೇರೆ ಕಥೆ. ಆಮೇಲೆ ನಾನು ಒಣ ಪುಡಿ ಬಿಟ್ಟು, ಎಣ್ಣೆಯಲ್ಲಿ ಕಲಸಿದ ಕರಿ ದ್ರವ ಬಳಸತೊಡಗಿದೆ. ನಮ್ಮಲ್ಲಿ ಹೊಸ ವಿಧಾನಗಳು ಬಂದದ್ದು ಹೆಚ್ಚಾಗಿ ಹೀಗೇ.

ಇನ್ನು ಸಿದ್ದಪ್ಪನ ವಿಷಯ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಂಗಡಗಿಯ ಹತ್ತಿರ ಹೊಳೆಯಿಂದ ನೀರು ಎತ್ತಿ ಮೇಲಿನ ಊರುಗಳಿಗೆ ಒಯ್ಯುವ ಪೈಪ್‌ಲೈನ್ ನಡೆದಿತ್ತು. ಬಗ್ಗಿ ಒಳಗೆ ಹೋಗಬಹುದಾದಷ್ಟು ದೊಡ್ಡ ಉಕ್ಕಿನ ಪೈಪುಗಳು. ಬೇಸಿಗೆಯಲ್ಲಿ ಅದರೊಳಗೆ ಹೊಕ್ಕು ಬೆಸುಗೆ ನೋಡಿ ಹೊರಬಂದರೆ ಅಂಗಿ ಹಿಂಡಬೇಕಾಗುತ್ತಿತ್ತು. ಸಿದ್ದಪ್ಪ ಮನಗೂಳಿಯವನು, ನಲವತ್ತರ ಆಸುಪಾಸು. ಕುರಿ ಕಾಯುವ ಮನೆತನ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಅಂಗಡಿಯಲ್ಲಿ ನಿಂತು ನೋಡಿ ನೋಡಿಯೇ ವೆಲ್ಡಿಂಗ್ ಕಲಿತವನು, ಆಮೇಲೆ ಪರೀಕ್ಷೆ ಕೊಟ್ಟು ಪಾಸು ಪಡೆದವನು. ಅವನ ನಂಬರು ಹದಿನಾಲ್ಕು. ಎರಡು ಪೈಪಿನ ನಡುವಿನ ಸಂದಿಯನ್ನು ಮೊದಲು ಕೂಡಿಸುವ ಸುತ್ತು ಬಹಳ ನಾಜೂಕಿನದು. ಅದು ಕೆಟ್ಟರೆ ಮೇಲೆ ಎಷ್ಟು ತುಂಬಿದರೂ ಕೆಟ್ಟದ್ದೇ. ಆ ಮೊದಲ ಸುತ್ತನ್ನು ಎಲ್ಲ ಜೋಡಣೆಯಲ್ಲೂ ಸಿದ್ದಪ್ಪನಿಗೇ ಕೊಡುತ್ತಿದ್ದರು. ಮೇಲಿನ ಸುತ್ತುಗಳನ್ನು ಉಳಿದವರು ತುಂಬುತ್ತಿದ್ದರು. ಜೋಡಣೆಯ ಮೇಲಿನ ನಂಬರು ಅವನದೇ.

ಆಗ ಬಂದ ಪೈಪುಗಳಲ್ಲಿ ಕೆಲವಕ್ಕೆ ಬಾಯಂಚಿನಲ್ಲೇ ಬಿರುಕು ಇದ್ದವು. ಹಾಗಾಗಿ ಲೈನಿಗೆ ಹೋಗುವ ಮುಂಚೆ ಮುದ್ದೇಬಿಹಾಳದಲ್ಲಿ ಪೈಪು ಇಳಿಸುವ ಯಾರ್ಡಿನಲ್ಲಿ ಪ್ರತಿಯೊಂದರ ಬಾಯನ್ನೂ ಪರೀಕ್ಷಿಸಬೇಕೆಂದು ಆಜ್ಞೆಯಾಯಿತು. ಇಸ್ತ್ರಿ ಇಟ್ಟು ಇಷ್ಟಿಷ್ಟೇ ಸರಿಸುತ್ತ ಸುತ್ತು ಬಂದರೆ ಒಂದು ಬಾಯಿಗೆ ಅರ್ಧ ತಾಸು. ನಾನು ಒಂದು ಜಾಣತನ ಹುಡುಕಿದೆ. ವೆಲ್ಡಿಂಗ್ ಮಾಡುವ ದಪ್ಪ ಕೇಬಲ್ಲನ್ನು ಪೈಪಿನ ಬಾಯಿಗೆ ಏಳೆಂಟು ಸುತ್ತು ಸುತ್ತಿ, ವೆಲ್ಡಿಂಗ್ ಸೆಟ್ಟಿನಿಂದ ಕರೆಂಟು ಬಿಟ್ಟರೆ ಇಡೀ ಬಾಯಿಯೇ ಒಂದೇ ಏಟಿಗೆ ಅಯಸ್ಕಾಂತ. ದ್ರವ ಸುರಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಇನಾಮದಾರರು ಬೆನ್ನು ತಟ್ಟಿದರು. ನಾನು ನೆಲದ ಮೇಲೆ ಇರಲಿಲ್ಲ.

ಈ ವಿಧಾನಕ್ಕೆ ಪುಸ್ತಕದಲ್ಲಿ ಒಂದು ಷರತ್ತಿದೆ. ಪರೀಕ್ಷೆ ಆದ ಮೇಲೆ ಕರೆಂಟನ್ನು ತಿರುವುಮುರುವು ಹರಿಸುತ್ತ, ಪ್ರತಿ ಸಲವೂ ಕಡಿಮೆ ಮಾಡುತ್ತ ಬಂದು, ಪೈಪಿನಲ್ಲಿ ಉಳಿದ ಸೆಳೆತವನ್ನು ತೆಗೆಯಬೇಕು. ಅದಕ್ಕೆ ಕಾಲು ತಾಸು ಬೇಕು. ಹಾಗೆ ಮಾಡಿದರೆ ನನ್ನ ಜಾಣತನ ಎಲ್ಲಿ ಉಳಿಯಿತು? ಮೆತ್ತನೆಯ ಉಕ್ಕಿನಲ್ಲಿ ಸೆಳೆತ ನಿಲ್ಲುವುದಿಲ್ಲ, ಪುಸ್ತಕ ಬರೆದವರಿಗೆ ನಮ್ಮ ಅವಸರ ಏನು ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಸೆಳೆತ ತೆಗೆಯುತ್ತೀಯೋ ಇಲ್ಲವೋ ಎಂದು ಸಾಹೇಬರು ಒಮ್ಮೆ ಕೇಳಿದ್ದರು. ತೆಗೆಯುತ್ತೇನ್ರಿ ಎಂದಿದ್ದೆ. ಬಾಯಿಬಿಟ್ಟು ಹೇಳಿದ ಸುಳ್ಳು ಅದು.

ಹದಿನೈದು ದಿನಕ್ಕೆ ಆ ಪೈಪುಗಳು ಲೈನಿಗೆ ಬಂದವು. ನಾನೂ ಲೈನಿಗೆ ಬಂದೆ. ಸೋಮವಾರ ಸಿದ್ದಪ್ಪನ ಒಂದು ಜೋಡಣೆಯಲ್ಲಿ ಪೈಪಿನ ಒಳಗಿನಿಂದ ಗೆರೆ ಕಂಡಿತು. ಬೆಸುಗೆ ಒಂದು ಬದಿಗೆ ಹಿಡಿದೇ ಇರಲಿಲ್ಲ. ಕೆಂಪು ಇಂಟು ಹಾಕಿ, ಪಕ್ಕದಲ್ಲಿ ಹದಿನಾಲ್ಕು ಎಂದು ಬರೆದೆ. ಗುರುವಾರ ಇನ್ನೊಂದು, ಅದೇ ಬದಿಗೆ. ಸಿದ್ದಪ್ಪ ಮಾತು ಕಡಿಮೆಯ ಮನುಷ್ಯ. ಆವತ್ತು ಹತ್ತಿರ ಬಂದು ನಿಂತ.

"ಸಾಹೇಬ್ರ, ಕಿಡಿ ಕೈಯಾಗ ನಿಲ್ಲವಲ್ದು. ಒಂದ ಬಾಜೂಕ ಎಳಕೊಂಡು ಹೊಂಟೈತಿ," ಎಂದ.

"ಕೈನೂ ನಿಂದ, ಕಿಡಿನೂ ನಿಂದ. ಪೈಪಿನ ಮ್ಯಾಲ ಯಾಕ ಹಾಕ್ತಿ?" ಎಂದುಬಿಟ್ಟೆ.

ಆ ಮಾತನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಅವನು ತಿರುಗಿ ಜೋಡಣೆಯ ಕಡೆಗೆ ಹೋದ. ಗಾಳಿಯದೇ ಕಾಟವಿರಬೇಕೆಂದು ಜೋಡಣೆಯ ಸುತ್ತ ತಾಡಪಾಲು ಕಟ್ಟಿದ. ವೆಲ್ಡಿಂಗ್ ರಾಡುಗಳಿಗೆ ಥಂಡಿ ಹತ್ತಿರಬೇಕೆಂದು ಅವನ್ನು ಬಿಸಿಲಿಗೆ ಹರವಿದ. ಲೈನು ಯಾರದೋ ಹೊಲದ ದೇವರ ಕಲ್ಲಿನ ಪಕ್ಕ ಹಾದಿದೆ ಎಂದು ಕೂಲಿಯವರು ಕಾಯಿ ಒಡೆಸಿದರು. ಶನಿವಾರ ಬೆಳಿಗ್ಗೆ ಮೂರನೆಯ ಜೋಡಣೆಯಲ್ಲೂ ಗೆರೆ. ಮೂರನೆಯ ಇಂಟು ಹಾಕಿದೆ. ನಾಲ್ಕು ಗಂಟೆಗೆ ಸಾಹೇಬರು ಜೀಪಿನಲ್ಲಿ ಬಂದು ಪಾಸು ತೆಗೆದುಕೊಳ್ಳುವರೆಂದು ಸುದ್ದಿ ಬಂತು. ಸಿದ್ದಪ್ಪ ಹೋಲ್ಡರನ್ನು ಜೊತೆಗಾರನಿಗೆ ಕೊಟ್ಟು, ಕೈಗವಸು ಬಿಚ್ಚಿ ಮಡಚಿಟ್ಟು, ಬೇವಿನ ಗಿಡದ ಕೆಳಗೆ ಹೋಗಿ ಕೂತ. ಬುತ್ತಿ ಬಿಚ್ಚಲಿಲ್ಲ.

ಉಳಿದ ನಾವೆಲ್ಲ ಪೈಪಿನ ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ನನ್ನ ಪರೀಕ್ಷೆಗೆ ಮುಂಚೆ ಬೆಸುಗೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ಕೊಡುತ್ತಿದ್ದಾಕೆ ಶರಣವ್ವ, ತಂಗಡಗಿಯವಳು. ಅವಳ ಕಾಲಿಗೆ ಜಾಲಿಮುಳ್ಳು ನಟ್ಟಿತ್ತು. ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ತೆಗೆದು ಮುಳ್ಳು ಕೆದಕುತ್ತಿದ್ದಳು. ಎರಡೂ ಕೈಯಿಂದ ಹಿಮ್ಮಡಿ ಒತ್ತಬೇಕಾಗಿ ಬಂದು, ಪಿನ್ನನ್ನು ಪಕ್ಕದಲ್ಲಿದ್ದ ಪೈಪಿನ ಬಾಯಂಚಿಗೆ ತಾಗಿಸಿದಳು. ಅದು ಬೀಳಲಿಲ್ಲ. ನೆಟ್ಟಗೆ ನಿಂತ ಅಂಚಿನ ಮೇಲೆ ಮುಳ್ಳಿನ ಹಾಗೆ ಹೊರಚಾಚಿ ನಿಂತಿತು. ತೆಗೆಯಲು ಹೋದರೆ ಬೆರಳಿಂದ ಜಾರಿ ಮತ್ತೆ ಹೋಗಿ ಅಂಟಿತು.

"ನೋಡ್ರಿ ಸಾಹೇಬ್ರ, ನಿಮ್ಮ ಪೈಪು ನನ್ನ ಪಿನ್ನ ಕೊಡವಲ್ದು," ಎಂದು ನಕ್ಕಳು.

ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ವೆಲ್ಡಿಂಗ್ ಕಿಡಿ ಎಂದರೆ ಕರೆಂಟು. ಕರೆಂಟಿನ ಹತ್ತಿರ ಅಯಸ್ಕಾಂತ ಇದ್ದರೆ ಅದು ಬದಿಗೆ ಸರಿಯುತ್ತದೆ. ಇದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯ. ಕಿಡಿ ಎಳಕೊಂಡು ಹೋಗುತ್ತದೆ ಎಂದು ಸಿದ್ದಪ್ಪ ಬಾಯಿಬಿಟ್ಟು ಹೇಳಿದ್ದ. ನಾನು ಕಲಿತವನು, ಕೇಳಿಸಿಕೊಂಡಿರಲಿಲ್ಲ.

ಶರಣವ್ವನ ಪಿನ್ನು ಇಸಿದುಕೊಂಡು ಲೈನಿನ ಉದ್ದಕ್ಕೂ ನಡೆದೆ. ಯಾರ್ಡಿನಲ್ಲಿ ನಾನು ಕೇಬಲ್ ಸುತ್ತಿದ್ದ ಪೈಪುಗಳ ಬಾಯಿಯೆಲ್ಲ ಪಿನ್ನು ಹಿಡಿದವು. ಅದಕ್ಕೂ ಮುಂಚೆ ಇಸ್ತ್ರಿ ಇಟ್ಟು ನೋಡಿದ್ದವು ಹಿಡಿಯಲಿಲ್ಲ. ಇಸ್ತ್ರಿ ನಡೆಯುವುದು ಮನೆಯ ಕರೆಂಟಿನಂಥ ತಿರುವುಮುರುವು ಕರೆಂಟಿನಿಂದ, ಅದು ಸೆಳೆತ ಬಿಟ್ಟುಹೋಗುವುದು ಬಹಳ ಕಡಿಮೆ. ನಮ್ಮ ವೆಲ್ಡಿಂಗ್ ಸೆಟ್ಟಿನ ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದ್ದು, ಅದು ಹೆಚ್ಚು ಬಿಟ್ಟುಹೋಗುತ್ತದೆ. ಮೂರು ಇಂಟೂ ಬಿದ್ದಿದ್ದು ಕೇಬಲ್ ಸುತ್ತಿದ ಪೈಪುಗಳ ನಡುವೆ. ಮೊದಲ ಸುತ್ತು ಹಾಕುವವನಿಗೇ ಆ ಸಂದಿಯ ಸೆಳೆತ ಎಲ್ಲಕ್ಕಿಂತ ಹೆಚ್ಚು ತಾಗುವುದು. ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವನೆಂದೇ ಸಿದ್ದಪ್ಪನಿಗೆ ಆ ಸುತ್ತು, ಅದಕ್ಕೇ ಅವನಿಗೇ ಕೆಂಪು. ಪೈಪು ಕೆಡಿಸಿದವನು ನಾನು, ಇಂಟು ಹಾಕಿದವನೂ ನಾನೇ.

ಹೇಳಬೇಕೋ ಬೇಡವೋ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ ಎಂದು ಬರೆದರೆ ನೀವು ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳುತ್ತೀರಿ. ಯೋಚಿಸಿದೆ. ಪೈಪಿನ ಆಚೆ ಬದಿಗೆ ಹೋಗಿ ಕೂತು ಮೂರೂವರೆಯ ತನಕ ಯೋಚಿಸಿದೆ. ನನಗೂ ಒಂದು ಪರೀಕ್ಷಕನ ಪಾಸು ಇತ್ತು. ನನಗೂ ಹೆಂಡತಿ ಮಕ್ಕಳು ಇದ್ದರು. ಆದರೆ ಕೂತ ಜಾಗದಿಂದ ಬೇವಿನ ಗಿಡದ ಕೆಳಗಿನ ಸಿದ್ದಪ್ಪ ಕಾಣುತ್ತಿದ್ದ. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೈಯೇ ಕೆಟ್ಟಿತೇನೋ ಎಂಬ ಅನುಮಾನ ಅವನಿಗೇ ಬಂದುಬಿಟ್ಟಿತ್ತು. ಅದನ್ನು ನೋಡಲಾಗಲಿಲ್ಲ.

ಜೀಪು ಬಂದೊಡನೆ ಸಾಹೇಬರು ಸಿದ್ದಪ್ಪನನ್ನು ಕರೆದು ಪಾಸು ಜೇಬಿಗೆ ಹಾಕಿಕೊಂಡರು. ಅವನ ಎದುರಿಗೇ ನಾನು ಅವರಿಗೆ ಎಲ್ಲ ಹೇಳಿದೆ. ಸಾಹೇಬರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಸೆಳೆತ ತೆಗೀತೇನಿ ಅಂದಿದ್ದಿಯಲ್ಲ?"

"ಸುಳ್ಳು ಹೇಳಿದ್ದೆನ್ರಿ."

ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಇನ್ನು ಮೇಲೆ ಸೆಳೆತ ತೆಗೆ, ಇದನ್ನು ಬರೆಯಬೇಡ, ಅವನು ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಕೊಡಲಿ, ಇಲ್ಲದಿದ್ದರೆ ನಿನ್ನ ಪಾಸು ಹೋದೀತು ಎಂದರು. ಕೆಟ್ಟವರಲ್ಲ ಅವರು. ತಮ್ಮ ಮನುಷ್ಯನನ್ನು ಉಳಿಸಲು ನೋಡಿದರು, ಅಷ್ಟೇ. ಮೊದಲು ಒಂದು ಜೋಡಣೆ ಮಾಡಿ ನೋಡೋಣ ಬರ್ರಿ ಎಂದೆ.

ಮುಂದಿನ ಜೋಡಣೆಗೆ ಕೇಬಲ್ ಸುತ್ತಿದೆ. ಕರೆಂಟನ್ನು ಆಚೆಗೊಮ್ಮೆ ಈಚೆಗೊಮ್ಮೆ ಹರಿಸುತ್ತ ಇಳಿಸಿದೆ. ಕಾಲು ತಾಸು ಪೂರ್ತಿ, ಒಂದು ನಿಮಿಷವೂ ಕಡಿಮೆಯಿಲ್ಲ. ಅಂಚಿಗೆ ಪಿನ್ನು ತಾಗಿಸಿ ಕೈಬಿಟ್ಟೆ. ನೆಲಕ್ಕೆ ಬಿತ್ತು. ಸಿದ್ದಪ್ಪ ಕೈಗವಸು ಹಾಕಿಕೊಂಡು, ಮುಖಕ್ಕೆ ಪರದೆ ಇಳಿಸಿ, ರಾಡು ತಾಗಿಸಿದ. ಒಳ್ಳೆಯ ಬೆಸುಗೆಗೆ ಒಂದೇ ಸಮನೆ ಚರಚರ ಸದ್ದು ಇರುತ್ತದೆ, ನಡುವೆ ಸಿಡಿಯುವುದಿಲ್ಲ. ಆ ಸದ್ದು ಬಂತು. ಅರ್ಧ ಸುತ್ತು ಮುಗಿಸಿ ಪರದೆ ಎತ್ತಿದಾಗ ಅವನ ಕಣ್ಣು ತುಂಬಿದ್ದವು. ಹೊಗೆಗೆ ಇದ್ದೀತು.

"ನಿಂತಿತ್ರಿ," ಎಂದ.

ಇನಾಮದಾರರು ಆ ಬೆಸುಗೆಯನ್ನು ಬಗ್ಗಿ ನೋಡಿದರು. ಪಾಸು ಆಗಲೇ ಅವರ ಜೇಬಿಗೆ ಹೋಗಿತ್ತು. ತೆಗೆದು ಸಿದ್ದಪ್ಪನ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, ವರದಿ ನೀನೇ ಬರೆ, ಇದ್ದದ್ದು ಇದ್ದಂತೆ ಬರೆ ಎಂದರು.

ಮುಂದೆ ನನಗೇನಾಯಿತು ಎಂದು ಕೇಳುತ್ತೀರಿ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂರು ತಿಂಗಳು ನನ್ನ ಪಾಸು ತೆಗೆದಿಟ್ಟರು. ಯಾರ್ಡಿನಲ್ಲಿ ಕೂತು ಪ್ರತಿ ಪೈಪಿನ ಸೆಳೆತ ತೆಗೆಯುವುದೇ ನನ್ನ ಕೆಲಸವಾಯಿತು. ಆಮೇಲೆ ಬೇರೆ ಅಧಿಕಾರಿಗಳು ನನ್ನ ಮರುಪರೀಕ್ಷೆ ಮಾಡಿ ಪಾಸು ವಾಪಸ್ಸು ಕೊಟ್ಟರು. ಎರಡು ಸಾವಿರದ ಇಸವಿಯ ಆಚೆಗೆ, ಉಳಿದ ಸೆಳೆತವನ್ನು ಅಂಕಿಯಲ್ಲಿ ತೋರಿಸುವ ಅಂಗೈಯಗಲದ ಮೀಟರು ಬಂತು. ಬಸವನ ಬಾಗೇವಾಡಿಯ ಕಡೆ ಕೆಲಸ ನಡೆದಾಗ ಲೋಹದೊಳಗೆ ಶಬ್ದದ ಅಲೆ ಕಳಿಸಿ ಆಳ ಅಳೆಯುವ ಯಂತ್ರ ಬಂತು, ಅರ್ಧ ದಿನದ ಉಜ್ಜಾಟ ತಪ್ಪಿತು. ಬಹಳ ಒಳ್ಳೆಯ ಯಂತ್ರಗಳು, ಚೆನ್ನಾಗಿ ಬಳಸಿ. ನಿಮ್ಮ ಕೈಯಲ್ಲಿ ನಮಗಿಂತ ಒಳ್ಳೆಯ ಕೆಲಸ ಆಗುತ್ತದೆ ಎಂಬ ಭರವಸೆ ನನಗಿದೆ. ಆದರೆ ಬೆಸುಗೆ ಮಾಡುವವನು ಹತ್ತಿರ ಬಂದು ಏನೋ ಸರಿಯಿಲ್ಲ ಎಂದರೆ ಮೀಟರು ಕೆಳಗಿಟ್ಟು ಅವನ ಮಾತು ಪೂರ್ತಿ ಕೇಳಿ.

ಆ ಶನಿವಾರದ ಮಾತು ಇನ್ನೂ ಮುಗಿದಿಲ್ಲ. ಜೀಪು ಹೋದ ಮೇಲೆ ತಪ್ಪಾಯಿತು ಎಂದು ಸಿದ್ದಪ್ಪನಿಗೆ ಕೈಮುಗಿದೆ. ಅವನು ಪಾಸನ್ನು ಒಳಜೇಬಿಗೆ ಇಟ್ಟುಕೊಂಡ, ನಗಲಿಲ್ಲ.

"ಕೈ ಮುಗೀಬ್ಯಾಡ್ರಿ. ಆ ಮೂರು ಇಂಟಿನ ಬಾಜೂಕ ನನ್ನ ನಂಬರ ಐತಲ್ರಿ, ಅದಕ್ಕೇನ್ ಮಾಡ್ತೀರಿ?"

ಆ ಜೋಡಣೆಗಳನ್ನು ಸೋಮವಾರ ಕತ್ತರಿಸಿ ಹೊಸದಾಗಿ ಕೂಡಿಸುತ್ತೇವೆ, ಬಣ್ಣವೂ ಅದರ ಜೊತೆಗೆ ಹೋಗುತ್ತದೆ ಎಂದೆ.

"ಸೋಮವಾರ ಹೋಗ್ತೈತ್ರಿ. ನಾಳೆ ಐತವಾರ, ತಂಗಡಗಿ ಮಂದಿ ಎಲ್ಲಾ ಇದ ದಾರಿಲೆ ಹೊಳಿಗೆ ಹೋಗ್ತಾರ. ಅಲ್ಲೀತನ ನನ್ನ ಹೆಸರ ಬಿಸಲಾಗ ಒಣಗೂದೇನ್ರಿ?"

ಇಂಟು ಸರಿಯಾಗಿಯೇ ಇತ್ತು, ಬೆಸುಗೆ ಕೆಟ್ಟದ್ದು ನಿಜ. ಪಕ್ಕದ ನಂಬರು ಸುಳ್ಳು. ನಾನು ಥಿನ್ನರ್ ಮತ್ತು ಕೆಂಪು ಡಬ್ಬಿ ತಂದೆ. ಕೂಲಿಯವರು ಮನೆಗೆ ಹೊರಡುವ ಹೊತ್ತು. ಕುಂಟುತ್ತ ಶರಣವ್ವನೂ, ಅವಳ ಜೊತೆ ಉಳಿದವರೂ ನಮ್ಮ ಹಿಂದೆ ಬಂದರು. ಮೂರು ಕಡೆಯೂ ಹದಿನಾಲ್ಕನ್ನು ಒರೆಸಿ, ಅದೇ ಜಾಗದಲ್ಲಿ ಪರೀಕ್ಷಕನಾಗಿ ನನಗೆ ಕೊಟ್ಟ ನಂಬರು, ಮೂರು ಎಂಬುದನ್ನು, ಅಷ್ಟೇ ದೊಡ್ಡದಾಗಿ ಬರೆದೆ. ನಮ್ಮ ನಂಬರು ಕಾಗದದ ಮೇಲೆ ಮಾತ್ರ ಇರುತ್ತಿತ್ತು. ಅದುವರೆಗೆ ಯಾವ ಪರೀಕ್ಷಕನೂ ಅದನ್ನು ಪೈಪಿನ ಮೇಲೆ ಬರೆದಿರಲಿಲ್ಲ. ಸಿದ್ದಪ್ಪ ಡಬ್ಬಿ ಹಿಡಿದು ಜೊತೆಗೆ ಬಂದ.

ಸೋಮವಾರ ಮೂರನ್ನೂ ಕತ್ತರಿಸಿದರು. ನಾನು ಸೆಳೆತ ತೆಗೆದು ಕೊಟ್ಟೆ, ಅವನು ಮೊದಲ ಸುತ್ತು ಹಾಕಿದ, ಉಳಿದವರು ತುಂಬಿದರು. ವರದಿ ಇನ್ನೂ ಮೇಲಕ್ಕೆ ಹೋಗಿರಲಿಲ್ಲ, ನನ್ನ ಪಾಸಿಗೆ ಅದೇ ಕೊನೆಯ ದಿನ. ಸಂಜೆ ಪೈಪಿನೊಳಗೆ ಹೊಕ್ಕು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಸ್ತ್ರಿ ಇಟ್ಟು, ದ್ರವ ಸುರಿದು, ದೀಪ ಹಿಡಿದು ನೋಡಿದೆ. ಎಲ್ಲಿಯೂ ಗೆರೆ ಇಲ್ಲ. ಹೊರಗೆ ಬಂದು ಹಸಿರು ಟಿಕ್ಕು ಹಾಕಿ, ಪಕ್ಕದಲ್ಲಿ ಹದಿನಾಲ್ಕು ಎಂದು ಬರೆದು ಕುಂಚ ಒರೆಸಿಕೊಳ್ಳುತ್ತಿದ್ದೆ.

"ನಿಮ್ದೂ ಬರೀರಿ," ಎಂದ ಸಿದ್ದಪ್ಪ.

ಯಾಕೆ ಎಂಬಂತೆ ನೋಡಿದೆ.

"ತಪ್ಪಿಗಷ್ಟ ಬರಕೊಂಡ್ರ ಹೆಂಗ್ರಿ, ಚೊಲೋದಕ್ಕೂ ಇರ್ಲಿ."

ಕುಂಚವನ್ನು ಮತ್ತೆ ಹಸಿರು ಡಬ್ಬಿಯಲ್ಲಿ ಅದ್ದಿದೆ. ಹದಿನಾಲ್ಕರ ಪಕ್ಕ ಮೂರು ಬರೆದೆ.